ರಿಕ್ವೈರ್ ಮೇಲೆ ಹಾಕಬೇಕಾ, ಫಂಕ್ಷನ್ ಒಳಗಾ? ಈಮ್ಯಾಕ್ಸ್ ಹೊಂದಿಸಿಕೊಳ್ಳುವವರಿಗೆ ಒಂದು ಹೋಲಿಕೆ

ಈಮ್ಯಾಕ್ಸ್ ಎಂಬ ಎಡಿಟರನ್ನು ತಮಗೆ ಬೇಕಾದಂತೆ ಹೊಂದಿಸಿಕೊಳ್ಳುವವರಲ್ಲಿ ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. ಕುಶಾಲನಗರದಲ್ಲಿ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಕೇಳುತ್ತಾರೆ. ಸಿದ್ದಾಪುರದ ಕಡೆ ತೋಟದ ಆಫೀಸಿನಲ್ಲಿ ಚೆಕ್‌ರೋಲ್ (ಆಳುಗಳ ಹಾಜರಿ ಪಟ್ಟಿ), ಮಳೆ ಲೆಕ್ಕ ಎರಡನ್ನೂ ಈಮ್ಯಾಕ್ಸ್‌ನಲ್ಲಿ ಟಿಪ್ಪಣಿ, ಟೇಬಲ್ ಬರೆದಿಡುವ ಆರ್ಗ್ ಮೋಡ್‌ನಲ್ಲಿ ಇಡುವ ರೈಟರ್ ಕೇಳುತ್ತಾರೆ. ಮಡಿಕೇರಿಯ ಕಾಲೇಜು ಹುಡುಗರೂ ಕೇಳುತ್ತಾರೆ: "ಅಣ್ಣಾ, ನನ್ನ ಫಂಕ್ಷನ್‌ಗೆ ಒಂದು ಲೈಬ್ರರಿ ಬೇಕು. ರಿಕ್ವೈರ್ ಅನ್ನು ಇನಿಟ್ ಫೈಲಿನ ಮೇಲ್ಗಡೆ ಹಾಕಲಾ, ಫಂಕ್ಷನ್ ಒಳಗೆ ಹಾಕಲಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ."

ರಿಕ್ವೈರ್ ಎಂದರೆ ಬೇಕಾದ ಲೈಬ್ರರಿಯನ್ನು ತರಿಸಿಕೊಳ್ಳುವ ಸಾಲು, ಇನಿಟ್ ಫೈಲ್ ಎಂದರೆ ಈಮ್ಯಾಕ್ಸ್ ಶುರುವಾಗುವಾಗ ಓದುವ ಹೊಂದಿಕೆಯ ಫೈಲು. ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಕಾರಣ ಇದೆ. ಅವರವರ ಕೆಲಸಕ್ಕೆ ಅವರವರ ಉತ್ತರ ಸರಿಯಾಗಿಯೇ ಇದೆ. ನಿಮ್ಮ ಕೆಲಸಕ್ಕೆ ಯಾವುದು ಹೊಂದುತ್ತದೆ ಎಂದು ನೀವೇ ತೀರ್ಮಾನಿಸಬೇಕಾದರೆ ಒಳಗೆ ಏನು ನಡೆಯುತ್ತದೆ ಎಂಬುದು ಸ್ವಲ್ಪ ಗೊತ್ತಿರಬೇಕು. ಹೆಸರುಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಫೈಲಿನಲ್ಲಿ ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ರೂಪವನ್ನೇ ಬಳಸಿ.

ರಿಕ್ವೈರ್ ಮಾಡುವುದು ಇಷ್ಟೇ

ಈಮ್ಯಾಕ್ಸ್‌ನಲ್ಲಿ 'ಫೀಚರ್ಸ್' ಎಂಬ ಒಂದು ಪಟ್ಟಿ ಇದೆ. ಲೋಡ್ ಆದ ಪ್ರತಿ ಲೈಬ್ರರಿಯೂ ತನ್ನ ಫೈಲಿನ ಕೊನೆಯಲ್ಲಿ 'ಪ್ರೊವೈಡ್' ಮೂಲಕ ಆ ಪಟ್ಟಿಗೆ ತನ್ನ ಹೆಸರು ಸೇರಿಸುತ್ತದೆ. ನೀವು ರಿಕ್ವೈರ್ ಎಂದಾಗ ಈಮ್ಯಾಕ್ಸ್ ಮೊದಲು ಆ ಪಟ್ಟಿ ನೋಡುತ್ತದೆ. ಹೆಸರು ಇದ್ದರೆ ಅಲ್ಲಿಗೆ ಮುಗಿಯಿತು, ಡಿಸ್ಕ್ ಮುಟ್ಟುವುದೇ ಇಲ್ಲ. ಇಲ್ಲದಿದ್ದರೆ ಲೋಡ್-ಪಾತ್‌ನಲ್ಲಿರುವ ಫೋಲ್ಡರ್‌ಗಳಲ್ಲಿ ಫೈಲು ಹುಡುಕಿ, ಓದಿ, ನಡೆಸುತ್ತದೆ.

ಹಾಗಾಗಿ "ಫಂಕ್ಷನ್ ಒಳಗೆ ಹಾಕಿದರೆ ಪ್ರತಿ ಸಲ ಲೋಡ್ ಆಗುತ್ತೆ, ನಿಧಾನ ಆಗುತ್ತೆ" ಎಂಬ ಭಯ ಬೇಡ. ಮೊದಲ ಸಲ ಮಾತ್ರ ಲೋಡ್. ಆಮೇಲೆ ಪಟ್ಟಿ ನೋಡುವುದಷ್ಟೇ, ಅದು ಗಮನಕ್ಕೂ ಬರುವುದಿಲ್ಲ.

ಯಾವುದನ್ನು ನೋಡಿ ತೀರ್ಮಾನಿಸಬೇಕು

ನನ್ನ ಪ್ರಕಾರ ಮುಖ್ಯವಾಗಿ ಎರಡು ವಿಷಯ. ಒಂದು, ಕಾಯುವಿಕೆ ಎಲ್ಲಿ ಬೀಳಬೇಕು? ಎಡಿಟರ್ ತೆರೆಯುವಾಗಲೋ, ಆ ಕೆಲಸವನ್ನು ಮೊದಲ ಸಲ ಮಾಡುವಾಗಲೋ? ಲೈಬ್ರರಿ ಲೋಡ್ ಆಗಲೇಬೇಕು, ಆ ಸಮಯ ಎಲ್ಲೋ ಒಂದು ಕಡೆ ಹೋಗಲೇಬೇಕು. ಎರಡು, ತಪ್ಪಿದ್ದರೆ ಅದು ಯಾವಾಗ ಗೊತ್ತಾಗಬೇಕು? ಬೆಳಿಗ್ಗೆ ಎಡಿಟರ್ ತೆರೆದ ಕೂಡಲೇ ಗೊತ್ತಾಗಬೇಕೋ, ತಿಂಗಳ ಕೊನೆಗೆ ವರದಿ ಮಾಡಲು ಕೂತಾಗ ಗೊತ್ತಾದರೂ ನಡೆಯುತ್ತದೋ?

ಇನ್ನು ಮೂರು ಚಿಕ್ಕ ಪ್ರಶ್ನೆಗಳಿವೆ. ದಿನಕ್ಕೆ ಎಷ್ಟು ಸಲ ಈಮ್ಯಾಕ್ಸ್ ಶುರು ಮಾಡುತ್ತೀರಿ? ನಿಮ್ಮ ಫೈಲನ್ನು ಬೈಟ್-ಕಂಪೈಲ್ ಮಾಡುತ್ತೀರಾ (ಅಂದರೆ ವೇಗವಾಗಿ ಓಡುವ ರೂಪಕ್ಕೆ ಮೊದಲೇ ಬದಲಾಯಿಸಿಡುತ್ತೀರಾ), ಬೇರೆಯವರಿಗೆ ಕೊಡುತ್ತೀರಾ? ಮಷೀನ್ ಎಂಥದ್ದು, ಹಳೆಯ ಹಾರ್ಡ್ ಡಿಸ್ಕ್ ಇರುವುದೋ, ಎಸ್‌ಎಸ್‌ಡಿ ಇರುವುದೋ?

ಮೊದಲ ಪ್ರಶ್ನೆ ನಮ್ಮ ಕೊಡಗಿನಲ್ಲಿ ಬೇರೆ ಕಡೆಗಿಂತ ಜಾಸ್ತಿ ಮುಖ್ಯ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟು ಹೋಗಿ ಬಂದು ಮಾಡುತ್ತಲೇ ಇರುತ್ತದೆ. ಲ್ಯಾಪ್‌ಟಾಪ್ ಇದ್ದವರಿಗೆ ಬ್ಯಾಟರಿ ಇದೆ. ತೋಟದ ಆಫೀಸಿನ ಡೆಸ್ಕ್‌ಟಾಪಿಗೆ ಯುಪಿಎಸ್ ಕೈಕೊಟ್ಟರೆ ದಿನಕ್ಕೆ ನಾಲ್ಕೈದು ಸಲ ಎಲ್ಲವನ್ನೂ ಮೊದಲಿಂದ ತೆರೆಯಬೇಕು. ಅಂಥವರಿಗೆ ಶುರುವಿನ ಸಮಯ ದೊಡ್ಡ ವಿಷಯವೇ.

ಊಹೆಯ ಮೇಲೆ ಹೋಗಬೇಡಿ, ಅಳೆದು ನೋಡಿ. 'ಈಮ್ಯಾಕ್ಸ್-ಇನಿಟ್-ಟೈಮ್' ಎಂಬ ಕಮ್ಯಾಂಡ್ ಕೊಟ್ಟರೆ ಶುರುವಿಗೆ ಎಷ್ಟು ಸೆಕೆಂಡ್ ಹಿಡಿಯಿತು ಎಂದು ತಿಳಿಯುತ್ತದೆ. ಒಂದೇ ಲೈಬ್ರರಿಯ ತೂಕ ನೋಡಬೇಕಾದರೆ ಹೊಸದಾಗಿ ತೆರೆದ ಈಮ್ಯಾಕ್ಸ್‌ನಲ್ಲಿ ಆ ರಿಕ್ವೈರ್ ಅನ್ನು 'ಬೆಂಚ್‌ಮಾರ್ಕ್-ಪ್ರಾಗ್ನ್' ಒಳಗೆ ಹಾಕಿ ನಡೆಸಿ. ಹೊಸದಾಗಿ ತೆರೆದದ್ದೇ ಆಗಬೇಕು. ಲೈಬ್ರರಿ ಆಗಲೇ ಲೋಡ್ ಆಗಿದ್ದರೆ ಸೊನ್ನೆ ತೋರಿಸುತ್ತದೆ. ಒಂದು ಸೆಕೆಂಡಿನೊಳಗೆ ಎಡಿಟರ್ ತೆರೆಯುತ್ತಿದ್ದರೆ ನಿಮಗೆ ವೇಗದ ಸಮಸ್ಯೆ ಇಲ್ಲ. ತಪ್ಪು ಯಾವಾಗ ಗೊತ್ತಾಗಬೇಕು ಎಂಬ ಪ್ರಶ್ನೆ ಒಂದನ್ನೇ ನೋಡಿ ಆರಿಸಿದರೆ ಸಾಕು.

ಎಲ್ಲವನ್ನೂ ಮೇಲೆಯೇ ರಿಕ್ವೈರ್ ಮಾಡುವುದು

ಇದು ಎಲ್ಲಕ್ಕಿಂತ ಸರಳ. ಇನಿಟ್ ಫೈಲ್ ತೆರೆದರೆ ಏನೇನು ಬೇಕು ಎಂಬುದು ಮೊದಲ ಸಾಲುಗಳಲ್ಲೇ ಕಾಣುತ್ತದೆ. ಹೊಸಬರಿಗೆ ಓದಲು ಸುಲಭ. ಬೈಟ್-ಕಂಪೈಲರ್‌ಗೂ ಇದೇ ಇಷ್ಟ, ಏಕೆಂದರೆ ಫೈಲಿನ ಮೇಲ್ಮಟ್ಟದಲ್ಲಿರುವ ರಿಕ್ವೈರ್ ಅನ್ನು ಅದು ಕಂಪೈಲ್ ಮಾಡುವಾಗಲೂ ನಡೆಸುತ್ತದೆ. ಹಾಗಾಗಿ ಮ್ಯಾಕ್ರೊ (ಕಂಪೈಲ್ ಆಗುವಾಗಲೇ ಬೇರೆ ಕೋಡ್ ಆಗಿ ಬಿಡಿಸಿಕೊಳ್ಳುವಂಥದ್ದು), ವೇರಿಯಬಲ್ ಎಲ್ಲದರ ಪರಿಚಯ ಅದಕ್ಕೆ ಮೊದಲೇ ಇರುತ್ತದೆ.

ಇದರ ಬೆಲೆಯೂ ಎರಡು ಥರ. ತಿಂಗಳಿಗೊಮ್ಮೆ ಬೇಕಾಗುವ ಲೈಬ್ರರಿಗೂ ದಿನಾ ಕಾಯಬೇಕು. ಅದಕ್ಕಿಂತ ಕಷ್ಟದ್ದು ಇನ್ನೊಂದು: ಒಂದು ಲೈಬ್ರರಿ ಸಿಗದೆ ಹೋದರೆ ಇನಿಟ್ ಫೈಲಿನ ಓದು ಅಲ್ಲೇ ನಿಲ್ಲುತ್ತದೆ. ಅದರ ಕೆಳಗೆ ಬರೆದ ಕೀಲಿಗಳು, ಫಾಂಟು, ಬಣ್ಣ ಯಾವುದೂ ಬರುವುದಿಲ್ಲ. ಹೊಸ ಮಷೀನಿಗೆ ಇನಿಟ್ ಫೈಲ್ ನಕಲು ಮಾಡಿಕೊಂಡು, ನೆಟ್‌ವರ್ಕ್ ಸರಿಯಿಲ್ಲದೆ ಪ್ಯಾಕೇಜ್ ಇಳಿಸಲು ಆಗದಿದ್ದಾಗ ಇದು ನಡೆಯುತ್ತದೆ. ಭಾಗಮಂಡಲದ ಕಡೆ ಮಳೆಗಾಲದಲ್ಲಿ ಟವರ್ ಸತ್ತಿದ್ದಾಗ ಅರ್ಧ ಹೊಂದಿಸಿದ ಎಡಿಟರ್ ಇಟ್ಟುಕೊಂಡು ಕೂರುವುದು ಯಾರಿಗೂ ಬೇಡ. ಹೀಗಾದಾಗ ಈಮ್ಯಾಕ್ಸ್ ಅನ್ನು 'ಡಿಬಗ್-ಇನಿಟ್' ಆಯ್ಕೆಯೊಂದಿಗೆ ತೆರೆದರೆ ಯಾವ ಸಾಲಿನಲ್ಲಿ ನಿಂತಿತು ಎಂದು ತೋರಿಸುತ್ತದೆ.

ಆದರೆ ಒಂದು ಮಾತು. ದಿನಾ ಎಡಿಟರ್ ತೆರೆದ ಎರಡೇ ನಿಮಿಷದಲ್ಲಿ ಬಳಸುವ ಲೈಬ್ರರಿಯನ್ನು ತಡವಾಗಿ ಲೋಡ್ ಮಾಡಿ ಏನೂ ಲಾಭ ಇಲ್ಲ. ಅದು ಮೇಲೆಯೇ ಇರಲಿ.

ಫಂಕ್ಷನ್ ಒಳಗೆ ರಿಕ್ವೈರ್

ಮಳೆ ಲೆಕ್ಕದ ಉದಾಹರಣೆ ತೆಗೆದುಕೊಳ್ಳೋಣ. ಕೊಡಗಿನ ಬಹಳ ತೋಟಗಳಲ್ಲಿ ಬೆಳಿಗ್ಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುವ ರೂಢಿ ಇದೆ. ಹೂಮಳೆ ಎಷ್ಟು ಬಿತ್ತು, ಯಾವ ದಿನ ಬಿತ್ತು ಎಂಬುದರ ಮೇಲೆ ಕಾಫಿ ಫಸಲಿನ ಅಂದಾಜು ನಿಂತಿರುತ್ತದೆ. ಲೆಕ್ಕ ಇಂಚು, ಸೆಂಟ್‌ನಲ್ಲಿ. ನೂರು ಸೆಂಟ್‌ಗೆ ಒಂದು ಇಂಚು. ಇದನ್ನೇ ಆರ್ಗ್ ಫೈಲಿಗೆ ಹಾಕುವವರು ಎರಡು ಫಂಕ್ಷನ್ ಬರೆದುಕೊಂಡರು ಎಂದುಕೊಳ್ಳಿ. 'ಮಳೆ-ಬರೆ' ದಿನಾ ಓಡುತ್ತದೆ. 1 ಇಂಚು 35 ಸೆಂಟ್ ಎಂದು ಕೊಟ್ಟರೆ ಟೇಬಲ್‌ಗೆ ಒಂದು ಸಾಲು ಸೇರಿಸಿ, ಪಕ್ಕದಲ್ಲಿ 34.29 ಮಿಲಿಮೀಟರ್ ಎಂದೂ ಬರೆಯುತ್ತದೆ. 'ಮಳೆ-ವರದಿ' ತಿಂಗಳಿಗೊಮ್ಮೆ ಓಡುತ್ತದೆ. ಆ ಟೇಬಲನ್ನು ವೆಬ್ ಪುಟ ಮಾಡಿ ಮಾಲೀಕರಿಗೆ ಕಳಿಸಲು.

ಎರಡನೆಯದಕ್ಕೆ ಆರ್ಗ್‌ನ ಎಕ್ಸ್‌ಪೋರ್ಟ್ ಲೈಬ್ರರಿ ಬೇಕು. ಅದನ್ನು ಹೀಗೆ ಬರೆಯಬಹುದು:

(ಡಿಫನ್ ಮಳೆ-ವರದಿ ()
  (ಇಂಟರಾಕ್ಟಿವ್)
  (ರಿಕ್ವೈರ್ 'ಓಎಕ್ಸ್-ಎಚ್‌ಟಿಎಂಎಲ್)
  (ಲೆಟ್ ((ಆರ್ಗ್-ಎಕ್ಸ್‌ಪೋರ್ಟ್-ವಿತ್-ಟಿಒಸಿ ನಿಲ್))
    (ಆರ್ಗ್-ಎಚ್‌ಟಿಎಂಎಲ್-ಎಕ್ಸ್‌ಪೋರ್ಟ್-ಟು-ಎಚ್‌ಟಿಎಂಎಲ್)))

ಇದು ಒಳ್ಳೆಯ ಕೋಡ್. ಕಾಳುಮೆಣಸು ಕೊಯ್ಯುವ ಏಣಿಯನ್ನು ವರ್ಷವಿಡೀ ಅಂಗಳದಲ್ಲಿ ನಿಲ್ಲಿಸಿಡುವುದಿಲ್ಲ ಅಲ್ವಾ? ತಿಂಗಳಿಗೊಮ್ಮೆ ಬೇಕಾದ ಲೈಬ್ರರಿಯೂ ಹಾಗೆಯೇ, ಬೇಕಾದ ಹೊತ್ತಿಗೆ ಬರಲಿ. ಇನ್ನೊಂದು ಅನುಕೂಲವನ್ನು ನಾನು ಅದಕ್ಕಿಂತ ದೊಡ್ಡದು ಎನ್ನುತ್ತೇನೆ: ಫಂಕ್ಷನ್ ತನಗೆ ಬೇಕಾದದ್ದನ್ನು ತಾನೇ ಹೇಳಿಕೊಳ್ಳುತ್ತದೆ. ಈ ಐದು ಸಾಲನ್ನು ಪಕ್ಕದ ತೋಟದವರಿಗೆ ಕಳಿಸಿದರೆ ಅವರ ಈಮ್ಯಾಕ್ಸ್‌ನಲ್ಲೂ ನಡೆಯುತ್ತದೆ. "ಮೇಲ್ಗಡೆ ಇನ್ನೊಂದು ಸಾಲು ಸೇರಿಸಿಕೊಳ್ಳಿ" ಎಂದು ಬೇರೆ ಹೇಳಬೇಕಾಗಿಲ್ಲ.

ಇದು ಹೊಸಬರ ಅಡ್ಡದಾರಿ ಎಂದು ಯಾರಾದರೂ ಹೇಳಿದರೆ ಆರ್ಗ್ ಅನ್ನೇ ತೋರಿಸಿ. ಆರ್ಗ್ ಟೇಬಲಿನಿಂದ ಗ್ರಾಫ್ ಬರೆಯುವ ಫೈಲು 'ಆರ್ಗ್-ಪ್ಲಾಟ್'. ಅದಕ್ಕೆ ಗ್ನುಪ್ಲಾಟ್ ಎಂಬ ಬೇರೆ ಪ್ಯಾಕೇಜ್ ಬೇಕು. ಅದು ಈಮ್ಯಾಕ್ಸ್ ಜೊತೆ ಬರುವುದಿಲ್ಲ. ಆ ರಿಕ್ವೈರ್ ಇರುವುದು ಗ್ರಾಫ್ ಬರೆಯುವ ಫಂಕ್ಷನ್ ಒಳಗೆ. ಅದನ್ನು ಮೇಲೆ ಹಾಕಿದ್ದರೆ ಗ್ನುಪ್ಲಾಟ್ ಇಲ್ಲದವರಿಗೆ ಆ ಫೈಲೇ ಲೋಡ್ ಆಗುತ್ತಿರಲಿಲ್ಲ. ಎಲ್ಲರ ಹತ್ತಿರ ಇರಲಿಕ್ಕಿಲ್ಲ ಎನ್ನುವಂಥ ಲೈಬ್ರರಿಗೆ ಫಂಕ್ಷನ್ ಒಳಗೇ ಸರಿಯಾದ ಜಾಗ.

ಇನ್ನೊಂದು ಸಂದರ್ಭ ನೀವೇ ಎರಡು ಫೈಲ್ ಬರೆದು, ಅದಕ್ಕೆ ಇದು, ಇದಕ್ಕೆ ಅದು ಬೇಕಾದಾಗ. ಎರಡರಲ್ಲೂ ಮೇಲೆಯೇ ರಿಕ್ವೈರ್ ಹಾಕಿದರೆ ಒಂದನ್ನೊಂದು ಕರೆಯುತ್ತಾ ಸುತ್ತು ಬೀಳುತ್ತವೆ, ಈಮ್ಯಾಕ್ಸ್ ದೋಷ ಹೇಳಿ ನಿಲ್ಲಿಸುತ್ತದೆ. ಒಂದು ಕಡೆಯದನ್ನು ಫಂಕ್ಷನ್ ಒಳಗೆ ಸರಿಸಿದರೆ ಸುತ್ತು ಬಿಡಿಸುತ್ತದೆ. ಎರಡಕ್ಕೂ ಬೇಕಾದ ಭಾಗವನ್ನು ಮೂರನೇ ಫೈಲಿಗೆ ತೆಗೆದಿಡುವುದು ಇನ್ನೂ ಒಳ್ಳೆಯದು.

ಒಳಗಿನ ರಿಕ್ವೈರ್ ಎಲ್ಲಿ ಕೈಕೊಡುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕಾಯುವ ಸಮಯಕ್ಕಿಂತ ಇದೇ ಮುಖ್ಯ.

ಮೇಲಿನ ಕೋಡ್‌ನ 'ಲೆಟ್' ಸಾಲು ನೋಡಿ. ವರದಿಯಲ್ಲಿ ಪರಿವಿಡಿ ಬೇಡ ಎಂದು ಒಂದು ವೇರಿಯಬಲ್‌ಗೆ ತಾತ್ಕಾಲಿಕವಾಗಿ 'ನಿಲ್' ಕೊಟ್ಟಿದ್ದೇವೆ. ಫೈಲನ್ನು ಹಾಗೆಯೇ ಲೋಡ್ ಮಾಡಿದರೆ ಇದು ಸರಿಯಾಗಿ ನಡೆಯುತ್ತದೆ. ರಿಕ್ವೈರ್ ಮೊದಲು ಓಡುತ್ತದೆ, ಲೈಬ್ರರಿ ಬಂದು "ಈ ವೇರಿಯಬಲ್ ನನ್ನದು, ಎಲ್ಲರಿಗೂ ಕಾಣುವಂಥದ್ದು" ಎಂದು ಸಾರುತ್ತದೆ, ಆಮೇಲೆ ಲೆಟ್ ಬರುತ್ತದೆ. ಈಗ ಅದೇ ಫೈಲನ್ನು ಲೆಕ್ಸಿಕಲ್-ಬೈಂಡಿಂಗ್ (ಲೆಟ್‌ನ ವೇರಿಯಬಲ್ ಆ ಲೆಟ್ ಒಳಗೆ ಬರೆದ ಕೋಡಿಗೆ ಮಾತ್ರ ಕಾಣುವ ನಿಯಮ) ಇಟ್ಟುಕೊಂಡು ಬೈಟ್-ಕಂಪೈಲ್ ಮಾಡಿ. ಕಂಪೈಲರ್ ಫಂಕ್ಷನ್ ಒಳಗಿನ ರಿಕ್ವೈರ್ ಅನ್ನು ನಡೆಸುವುದಿಲ್ಲ. ಹಾಗಾಗಿ ಅದಕ್ಕೆ ಆ ವೇರಿಯಬಲ್ ಯಾರದೆಂದು ಗೊತ್ತಿಲ್ಲ. ಸುಮ್ನೆ ಈ ಫಂಕ್ಷನ್‌ಗೆ ಸೇರಿದ ಒಳಗಿನ ವೇರಿಯಬಲ್ ಎಂದು ತಿಳಿಯುತ್ತದೆ. ಪರಿಣಾಮ? ನೀವು ಕೊಟ್ಟ 'ನಿಲ್' ಲೈಬ್ರರಿಗೆ ತಲುಪುವುದೇ ಇಲ್ಲ. ಪರಿವಿಡಿ ಬಂದೇ ಬರುತ್ತದೆ. ಓಡುವಾಗ ದೋಷ ಸಂದೇಶವೂ ಇಲ್ಲ, ಕಂಪೈಲ್ ಮಾಡುವಾಗ ಬಂದ ಒಂದು ಎಚ್ಚರಿಕೆ ಅಷ್ಟೇ.

ಕಂಪೈಲ್ ಮಾಡುವ ಹೊತ್ತಿಗೆ ನಿಮ್ಮ ಈಮ್ಯಾಕ್ಸ್‌ನಲ್ಲಿ ಆ ಲೈಬ್ರರಿ ಬೇರೆ ಕಾರಣಕ್ಕೆ ಆಗಲೇ ಲೋಡ್ ಆಗಿದ್ದರೆ ಎಲ್ಲ ಸರಿಯಾಗಿಯೇ ಬರುತ್ತದೆ. ಅಂದರೆ ಇವತ್ತು ಸರಿ, ನಾಳೆ ತಪ್ಪು. ಇಂಥದ್ದನ್ನು ಹುಡುಕುವುದು ಬಹಳ ಕಷ್ಟ.

ಪರಿಹಾರ ಒಂದೇ ಸಾಲು. ಫೈಲಿನ ಮೇಲೆ ಆ ವೇರಿಯಬಲ್‌ನ ಹೆಸರು ಹಾಕಿ 'ಡಿಫ್‌ವಾರ್' ಬರೆಯಿರಿ, ಬೆಲೆ ಕೊಡಬೇಡಿ. ಲೈಬ್ರರಿ ಲೋಡ್ ಆಗುವುದಿಲ್ಲ, ಆದರೆ ಕಂಪೈಲರ್‌ಗೆ ವಿಷಯ ತಿಳಿಯುತ್ತದೆ. ಫಂಕ್ಷನ್‌ಗಳ ಬಗ್ಗೆ ಬರುವ ಎಚ್ಚರಿಕೆಗೆ 'ಡಿಕ್ಲೇರ್-ಫಂಕ್ಷನ್' ಇದೆ. ಅದು ಎಚ್ಚರಿಕೆ ನಿಲ್ಲಿಸುವುದಕ್ಕೆ ಮಾತ್ರ, ಡಿಫ್‌ವಾರ್ ನಿಜವಾಗಿ ನಡವಳಿಕೆಯನ್ನೇ ಬದಲಿಸುತ್ತದೆ. ಎರಡನ್ನೂ ಒಂದೇ ತೂಕದಲ್ಲಿ ನೋಡಬೇಡಿ.

ಮ್ಯಾಕ್ರೊಗಳದ್ದೂ ಇದೇ ಕಥೆ. ಡ್ಯಾಶ್ ಲೈಬ್ರರಿಯ ಮ್ಯಾಕ್ರೊ ಒಂದನ್ನು ಬಳಸಿ, ರಿಕ್ವೈರ್ ಅನ್ನು ಒಳಗೆ ಮಾತ್ರ ಇಟ್ಟು ಕಂಪೈಲ್ ಮಾಡಿದರೆ, ಕಂಪೈಲರ್ ಅದನ್ನು ಮಾಮೂಲಿ ಫಂಕ್ಷನ್ ಎಂದುಕೊಳ್ಳುತ್ತದೆ. ಓಡಿಸುವಾಗ ದೋಷ ಬರುತ್ತದೆ. ಮ್ಯಾಕ್ರೊ ಬೇಕಿದ್ದರೆ ರಿಕ್ವೈರ್ ಮೇಲೆಯೇ ಇರಬೇಕು. ಮ್ಯಾಕ್ರೊ ಒಂದೇ ಸಾಕು ಎಂದಾದರೆ ಅದನ್ನು 'ಇವ್ಯಾಲ್-ವೆನ್-ಕಂಪೈಲ್' ಒಳಗೆ ಸುತ್ತಿ ಇಡಬಹುದು. ಆಗ ಕಂಪೈಲ್ ಆದ ಫೈಲನ್ನು ಓಡಿಸುವಾಗ ಅದರ ಭಾರ ಇರುವುದಿಲ್ಲ.

ಮೂರನೆಯದು, ಪ್ರತಿ ಕೀಲಿ ಒತ್ತಿದಾಗ ಓಡುವ ಹುಕ್‌ಗಳು, ಅಂದರೆ ತಾನಾಗಿ ಓಡಲೆಂದು ಸೇರಿಸಿಟ್ಟ ಫಂಕ್ಷನ್‌ಗಳು. ಲೈಬ್ರರಿ ಇದ್ದರೆ ತೊಂದರೆ ಇಲ್ಲ. ಆದರೆ ಕೆಲವರು ರಿಕ್ವೈರ್‌ಗೆ ಮೂರನೇ ಆರ್ಗ್ಯುಮೆಂಟ್ ಕೊಟ್ಟು "ಸಿಗದಿದ್ದರೆ ಪರವಾಗಿಲ್ಲ, ದೋಷ ಕೊಡಬೇಡ" ಎನ್ನುತ್ತಾರೆ. ಲೈಬ್ರರಿ ಇಲ್ಲದಿದ್ದರೆ ಫೀಚರ್ಸ್ ಪಟ್ಟಿಯಲ್ಲಿ ಹೆಸರು ಯಾವತ್ತೂ ಸೇರುವುದಿಲ್ಲ. ಹಾಗಾಗಿ ಪ್ರತಿ ಸಲವೂ ಲೋಡ್-ಪಾತ್‌ನ ಎಲ್ಲ ಫೋಲ್ಡರ್ ಹುಡುಕಾಟ ನಡೆಯುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಟೈಪ್ ಮಾಡುವಾಗಲೇ ತಡವರಿಸುವುದು ಗೊತ್ತಾಗುತ್ತದೆ. ಹುಕ್ ಒಳಗೆ ಹೀಗೆ ಬರೆಯಲೇಬೇಡಿ. ಶುರುವಿನಲ್ಲಿ ಒಂದೇ ಸಲ ನೋಡಿ, ಸಿಕ್ಕಿದರೆ ಮಾತ್ರ ಹುಕ್ ಸೇರಿಸಿ.

ಆಟೋಲೋಡ್

ಆಟೋಲೋಡ್ ಎಂದರೆ "ಈ ಹೆಸರಿನ ಫಂಕ್ಷನ್ ಆ ಫೈಲಿನಲ್ಲಿದೆ, ಯಾರಾದರೂ ಕರೆದಾಗ ತೆರೆದುಕೋ" ಎಂದು ಈಮ್ಯಾಕ್ಸ್‌ಗೆ ಮೊದಲೇ ಹೇಳಿಡುವುದು. ಲೈಬ್ರರಿಯ ಕಮ್ಯಾಂಡನ್ನು ನೇರವಾಗಿ ಕೀಲಿಗೆ ಕಟ್ಟುವುದಾದರೆ ಇದಕ್ಕಿಂತ ಚೊಕ್ಕ ದಾರಿ ಇಲ್ಲ. ಬರೀ ರಿಕ್ವೈರ್ ಮಾಡಿ ಕರೆಯುವುದಕ್ಕೆಂದೇ ನಡುವೆ ಒಂದು ಫಂಕ್ಷನ್ ಬರೆಯಬೇಕಾಗಿಲ್ಲ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ: ಪ್ಯಾಕೇಜ್ ಮ್ಯಾನೇಜರ್ ಮೂಲಕ ಹಾಕಿಕೊಂಡವುಗಳಿಗೆ ಈ ಕೆಲಸ ಆಗಲೇ ಆಗಿರುತ್ತದೆ. ಪ್ಯಾಕೇಜ್ ಬರೆದವರು ಮುಖ್ಯ ಕಮ್ಯಾಂಡ್‌ಗಳ ಮೇಲೆ ಆಟೋಲೋಡ್ ಗುರುತು ಹಾಕಿರುತ್ತಾರೆ. ಈಮ್ಯಾಕ್ಸ್ 27ರಿಂದ ಇನಿಟ್ ಫೈಲ್ ಓದುವ ಮೊದಲೇ ಅವೆಲ್ಲ ಸಿದ್ಧ ಇರುತ್ತವೆ. ಗಿಟ್ ಬಳಸಲು ಇರುವ ಮ್ಯಾಗಿಟ್ ಪ್ಯಾಕೇಜ್‌ಗೆ ರಿಕ್ವೈರ್ ಬರೆದುಕೊಂಡವರ ಇನಿಟ್ ಫೈಲ್ ಬಹಳ ನೋಡಿದ್ದೇನೆ. ಆ ಸಾಲು ಅಳಿಸಿ ನೋಡಿ, 'ಮ್ಯಾಗಿಟ್-ಸ್ಟೇಟಸ್' ಹಾಗೆಯೇ ನಡೆಯುತ್ತದೆ.

ಈಮ್ಯಾಕ್ಸ್ ತನ್ನ ಒಳಗೂ ಇದೇ ರೀತಿ ನಡೆದುಕೊಳ್ಳುತ್ತದೆ. ಕನ್ನಡ ಟೈಪಿಂಗ್‌ಗೆ ಅದರಲ್ಲಿ 'ಕನ್ನಡ-ಐಟ್ರಾನ್ಸ್', 'ಕನ್ನಡ-ಇನ್‌ಸ್ಕ್ರಿಪ್ಟ್' ಎಂಬ ವಿಧಾನಗಳು ಮೊದಲೇ ಇವೆ. ಶುರುವಿನಲ್ಲಿ ಅವುಗಳ ಹೆಸರು ಮಾತ್ರ ನೋಂದಣಿ ಆಗಿರುತ್ತದೆ. ನೀವು ಕಂಟ್ರೋಲ್ ಜೊತೆ ಬ್ಯಾಕ್‌ಸ್ಲ್ಯಾಶ್ ಒತ್ತಿ ಕನ್ನಡ ಆರಿಸಿದಾಗಲೇ ಅಕ್ಷರಗಳ ಪಟ್ಟಿ ಲೋಡ್ ಆಗುವುದು.

ಇಲ್ಲಿಯೂ ಲೆಟ್‌ನ ತೊಡಕು ಇದೆ, ಇನ್ನೂ ಸುಲಭವಾಗಿ ಸಿಕ್ಕಿಬೀಳುತ್ತೀರಿ. ಮೇಲಿನ 'ಮಳೆ-ವರದಿ'ಯಲ್ಲಿ ರಿಕ್ವೈರ್ ಸಾಲು ತೆಗೆದು, ಎಕ್ಸ್‌ಪೋರ್ಟ್ ಫಂಕ್ಷನ್‌ಗೆ ಆಟೋಲೋಡ್ ಇದೆಯಲ್ಲ ಎಂದು ಬಿಟ್ಟರೆ, ಲೆಟ್ ಓಡುವ ಹೊತ್ತಿಗೆ ಲೈಬ್ರರಿ ಇನ್ನೂ ಬಂದಿರುವುದಿಲ್ಲ. ಲೆಕ್ಸಿಕಲ್-ಬೈಂಡಿಂಗ್ ಇದ್ದರೆ ಮೊದಲ ಸಲ ತಪ್ಪು ಫಲಿತಾಂಶ ಅಥವಾ ದೋಷ, ಎರಡನೇ ಸಲ ಸರಿ. "ಮೊದಲ ಸಲ ಮಾತ್ರ ಕೆಟ್ಟುಹೋಗುತ್ತೆ, ಆಮೇಲೆ ಸರಿಯಾಗುತ್ತೆ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಇದನ್ನೇ.

ಹೊಂದಿಕೆಗಳಿಗೆ: ವಿತ್-ಇವ್ಯಾಲ್-ಆಫ್ಟರ್-ಲೋಡ್

ಆರ್ಗ್‌ನ ಕೀಲಿ ಬದಲಾಯಿಸಲು ಹೋಗಿ "ಆರ್ಗ್-ಮೋಡ್-ಮ್ಯಾಪ್ ಎಂಬ ವೇರಿಯಬಲ್‌ಗೆ ಬೆಲೆಯೇ ಇಲ್ಲ" ಎಂಬ ದೋಷ ಕಂಡವರು ಬಹಳ. ಕೀಲಿಗಳ ಪಟ್ಟಿ ಇರುವುದು ಆರ್ಗ್ ಒಳಗೆ, ಆರ್ಗ್ ಇನ್ನೂ ಲೋಡ್ ಆಗಿಲ್ಲ. ಆಗ ಎಲ್ಲರೂ ಮಾಡುವುದು ಮೇಲೆ ಆರ್ಗ್ ರಿಕ್ವೈರ್ ಹಾಕುವುದು. ದೋಷ ಹೋಗುತ್ತದೆ, ಜೊತೆಗೆ ಶುರುವಿನ ವೇಗವೂ ಹೋಗುತ್ತದೆ. ಆರ್ಗ್ ದೊಡ್ಡ ಲೈಬ್ರರಿ.

ಇದಕ್ಕೆ ಪರಿಹಾರ ವಿತ್-ಇವ್ಯಾಲ್-ಆಫ್ಟರ್-ಲೋಡ್. ಈ ಮ್ಯಾಕ್ರೊ ಈಮ್ಯಾಕ್ಸ್ 24.4ರಿಂದ ಇದೆ. "ಆರ್ಗ್ ಯಾವಾಗ ಲೋಡ್ ಆಗುತ್ತದೋ ಆಗ ಈ ಸಾಲುಗಳನ್ನು ನಡೆಸು" ಎನ್ನುತ್ತದೆ. ಆಗಲೇ ಲೋಡ್ ಆಗಿದ್ದರೆ ತಕ್ಷಣ ನಡೆಸುತ್ತದೆ. ಇದು ಯಾವುದನ್ನೂ ತಾನಾಗಿ ಲೋಡ್ ಮಾಡುವುದಿಲ್ಲ. ಹೊಂದಿಕೆಗಳಿಗೆ ಇದು, ಕೆಲಸ ಮಾಡುವ ಫಂಕ್ಷನ್‌ಗಳಿಗೆ ಒಳಗಿನ ರಿಕ್ವೈರ್. ಇವೆರಡು ಒಂದಕ್ಕೊಂದು ಜೋಡಿ, ಎದುರಾಳಿಗಳಲ್ಲ. ಹೊರಗಿನ ಪ್ಯಾಕೇಜ್ ಇಲ್ಲದೆ ಚಿಕ್ಕ ಇನಿಟ್ ಫೈಲ್ ಇಟ್ಟುಕೊಂಡವರಿಗೆ ಇವೆರಡೇ ಸಾಕು.

ಯೂಸ್-ಪ್ಯಾಕೇಜ್

ಇನಿಟ್ ಫೈಲ್ ದೊಡ್ಡದಾದಾಗ ಮೇಲಿನದನ್ನೆಲ್ಲ ಪ್ರತಿ ಪ್ಯಾಕೇಜಿಗೂ ಕೈಯಾರೆ ಬರೆಯುವುದು ಬೇಸರ. ಯೂಸ್-ಪ್ಯಾಕೇಜ್ ಅದನ್ನು ಒಂದೇ ಕಡೆ ಕಟ್ಟಿಕೊಡುತ್ತದೆ. 2023ರಲ್ಲಿ ಬಂದ ಈಮ್ಯಾಕ್ಸ್ 29ರಿಂದ ಇದು ಜೊತೆಗೇ ಬರುತ್ತದೆ, ಬೇರೆ ಇಳಿಸಬೇಕಾಗಿಲ್ಲ. 'ಕಮ್ಯಾಂಡ್ಸ್', 'ಬೈಂಡ್', 'ಹುಕ್' ಎಂಬ ಗುರುತುಗಳು ಆಟೋಲೋಡ್ ಮಾಡಿಕೊಡುತ್ತವೆ. 'ಕಾನ್ಫಿಗ್' ಕೆಳಗೆ ಬರೆದದ್ದು ಲೋಡ್ ಆದ ಮೇಲೆ ನಡೆಯುತ್ತದೆ. 'ಡಿಫರ್' ಮುಂದೆ 2 ಎಂದು ಬರೆದರೆ ನೀವು ಎರಡು ಸೆಕೆಂಡ್ ಸುಮ್ಮನಿದ್ದಾಗ ಲೋಡ್ ಮಾಡಿಕೊಳ್ಳುತ್ತದೆ. ಶುರುವಿನಲ್ಲೂ ಕಾಯಬಾರದು, ಮೊದಲ ಬಳಕೆಯಲ್ಲೂ ಕಾಯಬಾರದು ಎನ್ನುವವರಿಗೆ ಇದು ನಿಜಕ್ಕೂ ಒಳ್ಳೆಯ ದಾರಿ. ಒಂದು ಪ್ಯಾಕೇಜ್ ಕೆಟ್ಟರೂ ಎಚ್ಚರಿಕೆ ತೋರಿಸಿ ಮುಂದೆ ಹೋಗುತ್ತದೆ, ಉಳಿದ ಹೊಂದಿಕೆ ಉಳಿಯುತ್ತದೆ.

ಎರಡು ವಿಷಯ ನೆನಪಿಡಿ. ಬರೀ ಯೂಸ್-ಪ್ಯಾಕೇಜ್ ಎಂದು ಬರೆದು ಹೆಸರು ಹಾಕಿದರೆ ಅದು ತಕ್ಷಣ ರಿಕ್ವೈರ್ ಮಾಡುತ್ತದೆ. ತಾನಾಗಿ ತಡ ಮಾಡುತ್ತದೆ ಎಂಬುದು ತಪ್ಪು ತಿಳುವಳಿಕೆ. 'ಎನ್ಶೂರ್' ಹಾಕಿದ್ದರೆ, ಪ್ಯಾಕೇಜ್ ಮಷೀನಿನಲ್ಲಿ ಇಲ್ಲದಿದ್ದಾಗ ಶುರುವಿನಲ್ಲೇ ನೆಟ್‌ಗೆ ಕೈಚಾಚುತ್ತದೆ. ಸಿಗ್ನಲ್ ಇಲ್ಲದ ಕಡೆ ಹೊಸ ಮಷೀನ್ ಹೊಂದಿಸುವ ಮೊದಲು, ಹಳೆಯದರ ಪ್ಯಾಕೇಜ್ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ನಕಲು ಮಾಡಿಕೊಳ್ಳಿ.

ಡೀಮನ್ ಇಟ್ಟುಕೊಂಡರೆ

ಈಮ್ಯಾಕ್ಸ್ ಅನ್ನು ಹಿನ್ನೆಲೆಯಲ್ಲಿ ಒಮ್ಮೆ ಶುರು ಮಾಡಿ, ಬೇಕಾದಾಗ 'ಈಮ್ಯಾಕ್ಸ್‌ಕ್ಲೈಂಟ್' ಮೂಲಕ ಕಿಟಕಿ ತೆರೆಯುವ ಪದ್ಧತಿ 2009ರ ಈಮ್ಯಾಕ್ಸ್ 23ರಿಂದ ಇದೆ. ಲ್ಯಾಪ್‌ಟಾಪನ್ನು ವಾರಗಟ್ಟಲೆ ಆಫ್ ಮಾಡದೆ ಮುಚ್ಚಿಡುವವರು ಈ ಬರಹದ ಅರ್ಧ ಮರೆತುಬಿಡಬಹುದು. ಎಲ್ಲವನ್ನೂ ಮೇಲೆಯೇ ರಿಕ್ವೈರ್ ಮಾಡಿ, ಡೀಮನ್ ಒಮ್ಮೆ ಕಾಯಲಿ. ತಪ್ಪಿದ್ದರೆ ಆಗಲೇ ಗೊತ್ತಾಗುತ್ತದೆ. ಕರೆಂಟು ಹೋದಾಗಲೆಲ್ಲ ಆಫ್ ಆಗುವ ಡೆಸ್ಕ್‌ಟಾಪಿಗೆ ಮಾತ್ರ ಈ ಲಾಭ ಪೂರ್ತಿ ಸಿಗುವುದಿಲ್ಲ.

ನಿಯೋವಿಮ್ ಬಳಸುವವರಿಗೆ

ನಿಯೋವಿಮ್ ಎಂಬ ಇನ್ನೊಂದು ಎಡಿಟರನ್ನು ಹೊಂದಿಸಲು ಬಳಸುವ ಲುವಾ ಭಾಷೆಯಲ್ಲೂ ರಿಕ್ವೈರ್ ಇದೆ, ನಡವಳಿಕೆಯೂ ಹತ್ತಿರ ಹತ್ತಿರ ಹೀಗೆಯೇ: ಒಮ್ಮೆ ಲೋಡ್ ಆದದ್ದು 'ಪ್ಯಾಕೇಜ್.ಲೋಡೆಡ್' ಟೇಬಲಿನಲ್ಲಿ ಉಳಿಯುತ್ತದೆ. ಕೀಲಿಗೆ ಟೆಲಿಸ್ಕೋಪ್ ಎಂಬ ಹುಡುಕುವ ಪ್ಲಗಿನ್‌ನ ಫಂಕ್ಷನ್ ಕಟ್ಟುವಾಗ ನೇರವಾಗಿ ರಿಕ್ವೈರ್ ಬರೆದರೆ ಶುರುವಿನಲ್ಲೇ ಲೋಡ್ ಆಗುತ್ತದೆ. ಅದನ್ನೇ ಹೆಸರಿಲ್ಲದ ಫಂಕ್ಷನ್ ಒಳಗೆ ಇಟ್ಟರೆ ಕೀಲಿ ಒತ್ತಿದಾಗ. ಅಲ್ಲಿ ಲೆಟ್, ಮ್ಯಾಕ್ರೊಗಳ ತೊಡಕು ಇಲ್ಲದ ಕಾರಣ ನಾನು ಹಿಂದೆಮುಂದೆ ನೋಡದೆ ಒಳಗೇ ಹಾಕಿ ಎನ್ನುತ್ತೇನೆ. ಎರಡು ಎಡಿಟರ್‌ಗಳಲ್ಲೂ ಒಂದು ವಿಷಯ ಸಮಾನ: ನೀವೇ ಬರೆದ ಲೈಬ್ರರಿಯನ್ನು ತಿದ್ದಿ ಮತ್ತೆ ರಿಕ್ವೈರ್ ಮಾಡಿದರೆ ಹೊಸದು ಬರುವುದಿಲ್ಲ. ಈಮ್ಯಾಕ್ಸ್‌ನಲ್ಲಿ 'ಲೋಡ್-ಲೈಬ್ರರಿ' ಬಳಸಿ.

ಯಾರಿಗೆ ಯಾವುದು

ತೋಟದ ಆಫೀಸಿನ ರೈಟರ್‌ಗೆ: ಹಳೆಯ ಡೆಸ್ಕ್‌ಟಾಪ್, ಮೇಲಿಂದ ಮೇಲೆ ಶುರು, ನಾಲ್ಕೈದು ಸ್ವಂತ ಫಂಕ್ಷನ್. ರಿಕ್ವೈರ್ ಅನ್ನು ಆಯಾ ಫಂಕ್ಷನ್‌ನ ಮೊದಲ ಸಾಲಿನಲ್ಲಿ ಇಡಿ, ಕೀಲಿಗಳನ್ನು ವಿತ್-ಇವ್ಯಾಲ್-ಆಫ್ಟರ್-ಲೋಡ್ ಒಳಗೆ ಇಡಿ. ಇನಿಟ್ ಫೈಲನ್ನು ಕಂಪೈಲ್ ಮಾಡಬೇಡಿ, ಆಗ ಮೇಲೆ ಹೇಳಿದ ತೊಡಕುಗಳು ಬಹುಪಾಲು ಬರುವುದೇ ಇಲ್ಲ. ಖರ್ಚು ಮಾಡಲು ಸ್ವಲ್ಪ ಹಣ ಇದ್ದರೆ ಮೊದಲು ಒಳ್ಳೆಯ ಯುಪಿಎಸ್ ಬ್ಯಾಟರಿಗೆ ಹಾಕಿ, ಆಮೇಲೆ ಎಸ್‌ಎಸ್‌ಡಿಗೆ. ಇನಿಟ್ ಫೈಲಿನ ಯಾವ ತಿದ್ದುಪಡಿಯೂ ಅಷ್ಟು ಲಾಭ ಕೊಡುವುದಿಲ್ಲ. ಒಂದು ಅಪಾಯ ಮಾತ್ರ ಉಳಿಯುತ್ತದೆ: ತಿಂಗಳ ವರದಿಯ ಲೈಬ್ರರಿ ಕೆಟ್ಟಿದ್ದರೆ ತಿಂಗಳ ಕೊನೆಗೇ ಗೊತ್ತಾಗುತ್ತದೆ. ಪ್ಯಾಕೇಜ್‌ಗಳನ್ನು ಅಪ್‌ಡೇಟ್ ಮಾಡಿದ ದಿನವೇ ಒಮ್ಮೆ ವರದಿ ಓಡಿಸಿ ನೋಡಿ.

ಕುಶಾಲನಗರದ ಪ್ರೋಗ್ರಾಮರ್‌ಗೆ: ಪ್ಯಾಕೇಜ್‌ಗಳು ಜಾಸ್ತಿ, ದಿನವಿಡೀ ಎಡಿಟರ್ ತೆರೆದೇ ಇರುತ್ತದೆ. ಯೂಸ್-ಪ್ಯಾಕೇಜ್ ಮತ್ತು ಡೀಮನ್. ಸ್ವಂತ ಫಂಕ್ಷನ್‌ಗಳಿಗೆ ಇಲ್ಲಿಯೂ ಒಳಗಿನ ರಿಕ್ವೈರ್ ಇರಲಿ, ಕೆಲಸದ ಜೊತೆಯವರಿಗೆ ಕಳಿಸಲು ಸುಲಭ.

ಪ್ಯಾಕೇಜ್ ಬರೆದು ಹಂಚಬೇಕು ಎನ್ನುವ ವಿದ್ಯಾರ್ಥಿಗೆ: ಅದು ಬೇರೆಯವರ ಮಷೀನಿನಲ್ಲಿ ಕಂಪೈಲ್ ಆಗಿಯೇ ತೀರುತ್ತದೆ. ಖಂಡಿತ ಬೇಕಾದದ್ದನ್ನು ಮೇಲೆಯೇ ರಿಕ್ವೈರ್ ಮಾಡಿ. ಇದ್ದರೂ ಆಗುತ್ತದೆ, ಇಲ್ಲದಿದ್ದರೂ ಆಗುತ್ತದೆ ಎನ್ನುವುದನ್ನು ಮಾತ್ರ ಒಳಗೆ ಇಟ್ಟು, ಮೇಲೆ ಡಿಫ್‌ವಾರ್ ಮತ್ತು ಡಿಕ್ಲೇರ್-ಫಂಕ್ಷನ್ ಬರೆಯಿರಿ. ಕಂಪೈಲರ್ ಕೊಡುವ ಒಂದೊಂದು ಎಚ್ಚರಿಕೆಯನ್ನೂ ಓದಿ.

ತಡ ಮಾಡಿದರೂ ಮೊದಲೇ ಲೋಡ್ ಆಗುತ್ತಿದ್ದರೆ

ರಿಕ್ವೈರ್ ಎಲ್ಲ ಒಳಗೆ ಸರಿಸಿದ ಮೇಲೂ ಶುರುವಿನ ಸಮಯ ಇಳಿಯದೆ ಇರಬಹುದು. ಆಗ ಹೊಸದಾಗಿ ತೆರೆದ ಈಮ್ಯಾಕ್ಸ್‌ನಲ್ಲಿ ಫೀಚರ್ಸ್ ವೇರಿಯಬಲ್‌ನ ಬೆಲೆ ನೋಡಿ. ಅದರಲ್ಲಿ ಆರ್ಗ್ ಹೆಸರು ಕಂಡರೆ ಬೇರೆ ಯಾವುದೋ ಪ್ಯಾಕೇಜ್ ಅದನ್ನು ಎಳೆದು ತಂದಿದೆ ಎಂದರ್ಥ. ಯಾವುದು ಎಂದು ಹಿಡಿಯಲು ಇನಿಟ್ ಫೈಲಿನ ಮೊಟ್ಟಮೊದಲ ಸಾಲಾಗಿ ಆರ್ಗ್‌ಗೆ ಒಂದು ವಿತ್-ಇವ್ಯಾಲ್-ಆಫ್ಟರ್-ಲೋಡ್ ಬರೆದು, ಅದರ ಒಳಗೆ 'ಡಿಬಗ್' ಎಂದಷ್ಟೇ ಇಡಿ. ಈಮ್ಯಾಕ್ಸ್ ಮತ್ತೆ ತೆರೆದರೆ ಆರ್ಗ್ ಲೋಡ್ ಆದ ಕೂಡಲೇ ನಿಂತು, ಯಾರು ಯಾರನ್ನು ಕರೆದರು ಎಂಬ ಸರಪಳಿಯನ್ನು ತೋರಿಸುತ್ತದೆ. ಅದರಲ್ಲಿ ಕಾಣುವ ರಿಕ್ವೈರ್ ಸಾಲನ್ನು ಹಿಡಿದು, ಆ ಪ್ಯಾಕೇಜನ್ನೂ ತಡವಾಗಿ ಲೋಡ್ ಆಗುವಂತೆ ಮಾಡಿ. ಆಮೇಲೆ ಆ ಡಿಬಗ್ ಸಾಲನ್ನು ಅಳಿಸಿಬಿಡಿ.